ಸೋಪುಡಬ್ಬಿಯ ಮೂಗು

ನಾನು ಸಂಶೋಧನೆ ಮಾಡುತ್ತಿದ್ದ ವರ್ಷಗಳಲ್ಲಿ, ಗುಂಡ್ಲುಪೇಟೆ ಕಡೆಯ ನಮ್ಮೂರು ಬೇಗೂರಿನಲ್ಲಿ ಯಾರಾದರೂ “ನಿನ್ ಮಗ್ಳು ಬೆಂಗ್ಳೂರಲ್ಲಿ ಏನ್ ಓದ್ತಾ ಅವ್ಳೆ?” ಎಂದು ಕೇಳಿದರೆ ನಮ್ಮವ್ವ “ವಾಸ್ನೆ ಓದ್ತಾ ಅವ್ಳೆ” ಎಂದು ಹೇಳಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಕೇಳಿದವರಿಗೆ ಇನ್ನೊಂದು ಪ್ರಶ್ನೆ ಹೊಳೆಯುತ್ತಿರಲಿಲ್ಲ. ನನ್ನ ಮದುವೆಯ ಮಾತುಕತೆಗಳಿಗೆ ಇದರಿಂದ ಹೇಳಿಕೊಳ್ಳುವಂಥ ಉಪಕಾರವೇನೂ ಆಗಲಿಲ್ಲ. ಉತ್ತರದಲ್ಲಿ ತಪ್ಪು ಮಾತ್ರ ಇರಲಿಲ್ಲ.

ನನ್ನ ಕೆಲಸ ಇಷ್ಟು. ತವರದ ಆಕ್ಸೈಡ್ ಅಂತ ಒಂದು ಬಿಳಿ ಪುಡಿ. ಅದನ್ನು ಒತ್ತಿ, ಕುಲುಮೆಯಲ್ಲಿ ಸುಟ್ಟು, ಒಂದು ಗಟ್ಟಿ ಬಿಲ್ಲೆ ಮಾಡಬೇಕು. ಬಿಲ್ಲೆಯನ್ನು ಗಾಳಿ ತೆಗೆದ ಉಕ್ಕಿನ ಪಾತ್ರೆಯೊಳಗಿಟ್ಟು ಹೊರಗಿನಿಂದ ಅದಕ್ಕೆ ಲೇಸರ್ ಹೊಡೆಯಬೇಕು. ಒಂದೊಂದು ಹೊಡೆತಕ್ಕೂ ಬಿಲ್ಲೆಯಿಂದ ಉರಿಯ ಕುಚ್ಚೊಂದು ಎದ್ದು ಎದುರಿಗಿಟ್ಟ ಬಿಸಿ ಗಾಜಿನ ತುಣುಕಿನ ಮೇಲೆ ಕೂರುತ್ತದೆ. ಕೂತು ಕೂತು ಕೂದಲಿಗಿಂತ ಎಷ್ಟೋ ತೆಳ್ಳಗಿನ ಒಂದು ಪದರವಾಗುತ್ತದೆ. ಆ ಪದರವನ್ನು ಕಾಯಿಸಿಟ್ಟು ಅದಕ್ಕೆ ವಿಷಾನಿಲ ತೋರಿಸಿದರೆ ಅದರೊಳಗೆ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಹರಿದದ್ದನ್ನು ಅಳೆದರೆ ವಿಷ ಇದೆ ಎಂದು ಗೊತ್ತಾಗುತ್ತದೆ. ಇಷ್ಟನ್ನು ಕಲಿಯುವುದರೊಳಗೆ ನನ್ನ ಓರಗೆಯ ಹುಡುಗಿಯರ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ನನ್ನ ಪದರಗಳಿಗೆ ಒಂದು ಚಾಳಿ ಇತ್ತು. ಅವಕ್ಕೆ ವಾಸನೆ ಹತ್ತುತ್ತಿತ್ತು, ಯಾವುದರ ವಾಸನೆ ಎಂದು ಹೇಳಲು ಬರುತ್ತಿರಲಿಲ್ಲ. ಕಾರ್ಬನ್ ಮಾನಾಕ್ಸೈಡ್ ತೋರಿಸಿದರೂ ಕುಣಿಯುತ್ತಿದ್ದವು, ಪಕ್ಕದ ಬೆಂಚಿನಲ್ಲಿ ಯಾರಾದರೂ ಸ್ಪಿರಿಟ್ಟಿನಲ್ಲಿ ಗಾಜು ಒರೆಸಿದರೂ ಕುಣಿಯುತ್ತಿದ್ದವು. “ಇದು ಸೆನ್ಸರ್ ಅಲ್ಲಮ್ಮ, ಚಾಡಿಕೋರ” ಎನ್ನುತ್ತಿದ್ದರು ನಮ್ಮ ಗೈಡು. ನಕ್ಕು ಹೇಳುವ ಮನುಷ್ಯರಲ್ಲ ಅವರು. ನನಗೆ ಉರಿಯುತ್ತಿತ್ತು.

ಅವ್ವನ ಮೂಗು ಹಾಗಲ್ಲ. ಅದು ಊರಿಗೇ ಹೆಸರಾದ ಮೂಗು. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗಿ, ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಸಾರಿಗೆ ಉಪ್ಪು ಸಾಕೋ ಇಲ್ಲವೋ ಎಂದು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದರೂ ಅದು ಎಂಜಲು. ಹಾಗಾಗಿ ಅವ್ವ ಮಡಕೆಯ ಮೇಲೆ ಬಗ್ಗಿ, ಹಬೆಯನ್ನು ಕೈಯಲ್ಲಿ ಮುಖಕ್ಕೆ ಎಳೆದುಕೊಂಡು, “ಇನ್ನೊಂದ್ ಅಳ್ಳು ಉಪ್ಪು” ಎನ್ನುತ್ತಿದ್ದಳು. ಹಾಕಿದರೆ ಸರಿಯಾಗಿರುತ್ತಿತ್ತು. ಬೀಗರ ಊಟಗಳಿಗೆ ಅವಳನ್ನು ಕರೆದುಕೊಂಡು ಹೋಗಿ ಕೊಪ್ಪರಿಗೆಯ ಪಕ್ಕ ನಿಲ್ಲಿಸುತ್ತಿದ್ದರು. ಉಪ್ಪಿಗೆ ವಾಸನೆಯೇ ಇಲ್ಲ, ಅದು ಹಬೆಯಾಗಿ ಏಳುವ ಪದಾರ್ಥವಲ್ಲ ಎಂದು ನಾನು ಎಂಎಸ್ಸಿಯಲ್ಲಿದ್ದಾಗ ವಿವರಿಸಿದ್ದೆ. “ಆಗಿದ್ರೆ ನೀನ್ ಉಣ್ಬೇಡ” ಅಂದಿದ್ದಳು.

ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ ಮೂರೇ ಜನ. ಅಣ್ಣನದು ಹೈವೇ ಪಕ್ಕ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಅತ್ತಿಗೆ ಕುದೇರಿನವಳು, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಅವ್ವನಿಗೆ ಕೆಮ್ಮು ಶುರುವಾಗಿ, ನೀರಿನ ಕೊಡ ಇಳಿಸಿ ಗೋಡೆ ಹಿಡಿದು ನಿಲ್ಲುವಂತಾದಾಗ ಅಣ್ಣ ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ “ಬೀಡಿ ಸೇದ್ತೀರಾಮ್ಮ?” ಅಂದರಂತೆ. ಅವ್ವ ವಿಭೂತಿ ಹಣೆಯನ್ನು ಅವರ ಕಡೆ ನೆಟ್ಟಗೆ ತಿರುಗಿಸಿ “ಒಲೆ ಊದ್ತಿನಿ” ಅಂದಳಂತೆ. “ಎರಡೂ ಒಂದೇ” ಅಂದರಂತೆ ಡಾಕ್ಟರು. ಹೊಗೆ ಬಿಡದಿದ್ದರೆ ಉಸಿರು ಬಿಡಬೇಕಾಗುತ್ತದೆ ಎಂದು ಅಣ್ಣನನ್ನು ಹೊರಗೆ ಕರೆದು ಹೇಳಿ ಕಳಿಸಿದರು.

ಅಣ್ಣ ಗುಂಡ್ಲುಪೇಟೆಯಲ್ಲಿ ಯಾರು ಯಾರನ್ನೋ ಹಿಡಿದು ಗ್ಯಾಸ್ ಕನೆಕ್ಷನ್ ಮಾಡಿಸಿದ. ಸಿಲಿಂಡರ್ ಆಟೋದಲ್ಲಿ ಬಂತು. ಜೊತೆಗೆ ಬಂದ ಹುಡುಗ ರೆಗ್ಯುಲೇಟರ್ ಕೂರಿಸಿ, ಒಲೆ ಹಚ್ಚಿ ತೋರಿಸಿ, ಒಂದಷ್ಟು ಬುದ್ಧಿಮಾತು ಹೇಳಿ ಹೋದ. ಅವ್ವ ಸಿಲಿಂಡರಿಗೆ ಮೂರು ಪಟ್ಟೆ ವಿಭೂತಿ ಹಚ್ಚಿದಳು, ಹೂವೇರಿಸಿದಳು, ಆಮೇಲೆ ಅದರ ಕಡೆ ತಲೆಹಾಕಲಿಲ್ಲ. ಸೌದೆ ಒಲೆ ಹಾಗೇ ಉರಿಯುತ್ತಿತ್ತು.

ಕಾರಣ ಕೇಳಿದರೆ ಒಂದಲ್ಲ ಒಂದು ಇರುತ್ತಿತ್ತು. ಗ್ಯಾಸಲ್ಲಿ ಮುದ್ದೆ ಬೇಯುವುದಿಲ್ಲ. ಅಣ್ಣ ತಾನೇ ತಿರುವಿ ಬೇಯಿಸಿ ತೋರಿಸಿದ. ಹಾಗಾದರೆ ಅದರ ಮೇಲೆ ಮಾಡಿದ್ದು ನೈವೇದ್ಯಕ್ಕೆ ಸಲ್ಲುವುದಿಲ್ಲ. ಮಠದ ಅಡುಗೆಮನೆಗೇ ಗ್ಯಾಸ್ ಬಂದಿದೆ ಎಂದು ಅತ್ತಿಗೆ ಹೇಳಿದಳು. ಹಾಗಾದರೆ ಸಿಡಿಯುತ್ತದೆ. ಒಂದು ಕಾರಣವನ್ನು ನಾವು ಕೆಡವಿದರೆ ಅವಳು ಕೆಮ್ಮಿ ಮುಗಿಸುವುದರೊಳಗೆ ಇನ್ನೊಂದು ಎದ್ದಿರುತ್ತಿತ್ತು. ಅತ್ತಿಗೆ ಹಚ್ಚಲು ಹೋದರೆ “ನಾನಿರೋಗಂಟ ಬ್ಯಾಡ” ಅನ್ನುತ್ತಿದ್ದಳು. ನಮ್ಮವ್ವ ಹಟಮಾರಿ ಹೌದು, ಪೆದ್ದಿಯಲ್ಲ. ನನಗೆ ಅರ್ಥವಾಗದೆ ಇದ್ದದ್ದು ಅದೇ.

ಅತ್ತಿಗೆಗೆ ಅವಳದೇ ಗೋಳು. ನಾನು ಊರಿಗೆ ಹೋದಾಗಲೆಲ್ಲ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಾ ತೋಡಿಕೊಳ್ಳುತ್ತಿದ್ದಳು. “ನಿಮ್ಮವ್ವ ನಂಗೆ ದಿನಾ ಪರೀಕ್ಷೆ ಮಾಡ್ತರೆ ಕಣಮ್ಮ. ಸಾರು ಕುದಿಯಂಗಿಲ್ಲ, ‘ಬಾ ಇಲ್ಲಿ, ವಾಸ್ನೆ ನೋಡು, ಉಪ್ಪು ಸಾಕಾ ಏಳು’ ಅಂತರೆ. ಏಳಿದ್ಮ್ಯಾಲೆ ಸರಿ ಅನ್ನಲ್ಲ, ತಪ್ಪು ಅನ್ನಲ್ಲ. ಉಪ್ಪು ಆಕ್ತರೆ, ಸುಮ್ಕೆ ಓಯ್ತರೆ. ಮದ್ವೆಯಾಗಿ ಇಷ್ಟ್ ವರ್ಷ ಆದ್ರೂ ನಾ ಇನ್ನೂ ಪಾಸಾಗಿಲ್ವಾ?”

ಅತ್ತೆಯರ ಕಿರುಕುಳದಲ್ಲಿ ಇದು ಹೊಸ ನಮೂನೆ ಎಂದು ನಾವಿಬ್ಬರೂ ನಕ್ಕಿದ್ದೆವು.

ಒಂದು ರಜೆಗೆ ಹೋಗುವಾಗ ನಾನು ಅವ್ವನಿಗಾಗಿ ಒಂದು ಯಂತ್ರ ಮಾಡಿಕೊಂಡು ಹೋದೆ. ಪ್ಲಾಸ್ಟಿಕ್ಕಿನ ಸೋಪುಡಬ್ಬಿಗೆ ತೂತು ಕೊರೆದು, ಒಳಗೆ ನನ್ನದೊಂದು ಪದರ, ಅದನ್ನು ಕಾಯಿಸುವ ಪುಟ್ಟ ಸುರುಳಿ, ಸುತ್ತ ಉಕ್ಕಿನ ಬಲೆ, ಒಂದು ಪೀಪಿ. ಅಡುಗೆ ಗ್ಯಾಸ್ ಸೋರಿದರೆ ಪೀಪಿ ಕೂಗಬೇಕು. ಚಾಡಿಕೋರ ಪದರವೇ ಆದರೂ ಗ್ಯಾಸಿನ ವಿಷಯದಲ್ಲಿ ಅದು ಸುಳ್ಳು ಹೇಳುತ್ತಿರಲಿಲ್ಲ. ಸಿಡಿಯುತ್ತದೆ ಎಂಬ ಭಯ ಹೋದರೆ ಅವ್ವ ಒಲೆ ಬಿಡುತ್ತಾಳೆ ಎನ್ನುವುದು ನನ್ನ ಲೆಕ್ಕಾಚಾರ. ಬೇಗೂರಿನ ಕರೆಂಟನ್ನು ನಂಬುವಂತಿರಲಿಲ್ಲ, ಅಣ್ಣ ಅಂಗಡಿಯಿಂದ ಒಂದು ಬ್ಯಾಟರಿ ತಂದ. ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಿಯುತ್ತದೆ. ಅದಕ್ಕೆ ಡಬ್ಬಿಯನ್ನು ಸಿಲಿಂಡರಿನ ಪಕ್ಕ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಮೊಳೆ ಹೊಡೆದು ಕೂರಿಸಿದೆ.

ಅದು ಕೂಗಲು ಶುರುಮಾಡಿತು. ನಿಲ್ಲಿಸಲೇ ಇಲ್ಲ. ಸೌದೆ ಒಲೆಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದ್ದೇ ಇರುತ್ತದೆ. ಪ್ರಯೋಗಾಲಯದಲ್ಲಿ ಅದರ ಒಂದು ಸಿಲಿಂಡರಿಗಾಗಿ ನಾವು ತಿಂಗಳುಗಟ್ಟಲೆ ಕಾಯುತ್ತಿದ್ದೆವು. ಅವ್ವ ಅದನ್ನು ಹೊತ್ತಿಗೆ ಸರಿಯಾಗಿ ಮನೆಯಲ್ಲೇ ತಯಾರಿಸಿ ಎದೆಗೆ ಎಳೆದುಕೊಳ್ಳುತ್ತಿದ್ದಳು. ಒಲೆ ಆರಿಸಿದ ಮೇಲೂ ಡಬ್ಬಿಗೆ ಸಮಾಧಾನವಿಲ್ಲ. ಸಾಂಬ್ರಾಣಿಗೆ ಕೂಗಿತು. ಲಾಟೀನಿಗೆ ಸೀಮೆಎಣ್ಣೆ ಬಗ್ಗಿಸಿದರೆ ಕೂಗಿತು. ಒಂದು ಸಂಜೆ ಅಣ್ಣ ಗುಂಡ್ಲುಪೇಟೆಯಿಂದ ವಸೂಲಿ ಮುಗಿಸಿ ಬಂದು, ಅಡುಗೆಮನೆಯಲ್ಲಿ ನೀರು ಕುಡಿಯಲು ಕುಕ್ಕರಗಾಲಲ್ಲಿ ಕೂತು “ಏನಮ್ಮಿ ನಿನ್ ಡಬ್ಬಿ ಸಮಾಚಾರ?” ಎಂದು ಅದರತ್ತ ಬಗ್ಗಿದಾಗಲೂ ಕೂಗಿತು. ಅತ್ತಿಗೆ ಡಬ್ಬಿಯನ್ನು ನೋಡಿದಳು, ಅಣ್ಣನನ್ನು ನೋಡಿದಳು. ಇದು ಇನ್ನು ಯಾವುದಕ್ಕೆಲ್ಲ ಕೂಗುತ್ತದೆ ಎಂದು ನನ್ನನ್ನು ಕೇಳಿದಳು. ಮುಖ್ಯವಾಗಿ ಸ್ಪಿರಿಟ್ಟಿಗೆ ಅಂದೆ. ಅಣ್ಣ ಆವತ್ತಿನಿಂದ ನೀರನ್ನು ಜಗಲಿಗೇ ತರಿಸಿಕೊಳ್ಳತೊಡಗಿದ.

ಯಂತ್ರ ಕೆಲಸಕ್ಕೆ ಬಾರದು ಎಂದುಕೊಂಡೆ. ಆದರೆ ಅವ್ವನಿಗೆ ಮಾತ್ರ ಡಬ್ಬಿಯ ಮೇಲೆ ಎಲ್ಲಿಲ್ಲದ ಅಕ್ಕರೆ. ಅದು ಕೂಗಿದಾಗಲೆಲ್ಲ “ಈಗ್ಯಾಕ್ ಕೂಗ್ತು?” ಎಂದು ಕೇಳುವಳು. ಒಗ್ಗರಣೆಗೆ ಅಂದರೆ ತಲೆಯಾಡಿಸುವಳು. ಸಾಂಬ್ರಾಣಿಗೆ ಅಂದರೆ “ಔದಾ? ಅಷ್ಟ್ ದೂರ್ದಲ್ಲಿದ್ರೂ ಬತ್ತದಾ ಅದ್ಕೆ?” ಎಂದು ಡಬ್ಬಿಯನ್ನೇ ನೋಡುತ್ತಾ ನಿಲ್ಲುವಳು. ನನ್ನ ಸಂಶೋಧನೆಯನ್ನು ಅಷ್ಟು ಗೌರವದಿಂದ ಗೈಡು ಕೂಡ ನೋಡಿದ್ದಿಲ್ಲ.

ರಜೆ ಮುಗಿಯುವ ಮುಂಚೆ ಒಂದು ದಿನ ಅತ್ತಿಗೆ ಕುದೇರಿಗೆ ತವರಿಗೆ ಹೋದಳು. ಅಣ್ಣ ಅಂಗಡಿಯಲ್ಲಿದ್ದ. ಅವ್ವ ಒಲೆಯ ಮೇಲೆ ಹುರುಳಿ ಸಾರು ಕುದಿಯಲಿಟ್ಟು, ಬಾಗಿಲಲ್ಲಿ ನಿಂತು ಬೀದಿ ನೋಡಿದಳು. ಒಳಗೆ ಬಂದಳು. ಆಮೇಲೆ, ನನ್ನ ಜನ್ಮದಲ್ಲಿ ಮೊದಲ ಸಲ, “ಅಮ್ಮೀ, ಬಾ ಇಲ್ಲಿ. ವಾಸ್ನೆ ನೋಡು, ಉಪ್ಪು ಸಾಕಾ ಏಳು” ಅಂದಳು. ನನಗೆ ಒಳಗೊಳಗೇ ಹಿಗ್ಗು. ಅವಳ ಹಾಗೆಯೇ ಹಬೆಯನ್ನು ಮುಖಕ್ಕೆ ಎಳೆದುಕೊಂಡೆ. ಹುರುಳಿ ವಾಸನೆ ಬಂತು, ಬೆಳ್ಳುಳ್ಳಿ ವಾಸನೆ ಬಂತು. ಉಪ್ಪಿನ ಬಗ್ಗೆ ನನ್ನ ಮೂಗು ಏನೂ ಹೇಳಲಿಲ್ಲ. ವಾಸನೆಯ ವಿಷಯದಲ್ಲೇ ಡಾಕ್ಟರೇಟ್ ಮಾಡುತ್ತಿರುವವಳು ಗೊತ್ತಾಗಲಿಲ್ಲ ಎನ್ನುವುದು ಹೇಗೆ? “ಸರಿಯಾಗಿದೆ ಕಣವ್ವ” ಅಂದೆ. ಅವಳು ಮಡಕೆ ಇಳಿಸಿದಳು.

ಪೂಜೆ, ನೈವೇದ್ಯ ಮುಗಿದ ಮೇಲೆ, ಊಟಕ್ಕೆ ಮೊದಲು ಒಂದು ಪ್ರಾತ್ಯಕ್ಷಿಕೆ ಕೊಟ್ಟೇ ಬಿಡೋಣ ಎಂದು ನಿರ್ಧರಿಸಿದೆ. ಒಲೆಗೆ ನೀರು ಚಿಮುಕಿಸಿ ಕೆಂಡ ಆರಿಸಿದೆ. ಕಿಟಕಿ ಬಾಗಿಲು ತೆರೆದು ಡಬ್ಬಿ ಸುಮ್ಮನಾಗುವ ತನಕ ಕಾದೆ. ಅವ್ವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿದೆ, “ಈಗ ಹಚ್ಚದೆ ಸುಮ್ಮನೆ ಒಂದು ಚೂರು ಗ್ಯಾಸ್ ಬಿಡ್ತೀನಿ. ಮೊದಲು ನಿನ್ನ ಮೂಗಿಗೆ ಗೊತ್ತಾಗುತ್ತೆ. ಆಮೇಲೆ ಡಬ್ಬಿ ಕೂಗುತ್ತೆ. ಎರಡೆರಡು ಕಾವಲು ಇರುವಾಗ ಎಂಥ ಭಯ?” ಅಂದು ಒಲೆಯ ಗುಂಡಿ ತಿರುಗಿಸಿದೆ.

ಡಬ್ಬಿ ಕೂಗಲಿಲ್ಲ.

“ವಾಸನೆ ಬಂತಾ?”

“ಬಂತು ಕಣಮ್ಮಿ, ಬಂತು” ಎಂದು ಅವ್ವ ಸೆರಗು ಮೂಗಿಗೆ ಒತ್ತಿಕೊಂಡಳು. “ಅಬ್ಬಬ್ಬ. ಮುಚ್ಬುಡು, ತಲೆ ತಿರುಗಂಗಾಯ್ತದೆ.”

ನಾನು ಡಬ್ಬಿಗೆ ಬೈದೆ. ಬ್ಯಾಟರಿಯ ತಂತಿ ಎಳೆದು ನೋಡಿದೆ, ಸರಿಯಾಗಿತ್ತು. ಡಬ್ಬಿಯನ್ನು ತಟ್ಟಿದೆ. ಆಮೇಲೆ ನನಗೂ ಯಾವ ವಾಸನೆಯೂ ಬರುತ್ತಿಲ್ಲವಲ್ಲ ಎಂದು ಹೊಳೆಯಿತು. ಬಗ್ಗಿ ಸಿಲಿಂಡರ್ ನೋಡಿದರೆ ರೆಗ್ಯುಲೇಟರಿನ ಗುಂಡಿಯೇ ತಿರುಗಿಸಿಲ್ಲ. ಮುದ್ದೆ ಬೇಯಿಸಿ ತೋರಿಸಿದ ದಿನ ಅಣ್ಣ ಮುಚ್ಚಿದ್ದು ಹಾಗೇ ಇತ್ತು. ಅಡುಗೆಮನೆಯಲ್ಲಿ ಒಂದು ತೊಟ್ಟು ಗ್ಯಾಸೂ ಇರಲಿಲ್ಲ.

ಪ್ರಯೋಗಾಲಯದಲ್ಲಿ ನಾವು ಇದನ್ನು ಬೇಕೆಂದೇ ಮಾಡುತ್ತೇವೆ. ಪದರಕ್ಕೆ ವಿಷಾನಿಲದ ಬದಲು ಬರಿ ಗಾಳಿ ಬಿಡುತ್ತೇವೆ. ಆಗಲೂ ಅದು ವಾಸನೆ ಬಂತು ಎಂದರೆ ಅದರ ಮಾತನ್ನು ಆವರೆಗೆ ನಂಬಿದ್ದೆಲ್ಲ ದಂಡ. ನಾನು ರೆಗ್ಯುಲೇಟರಿನ ಮೇಲೆ ಕೈಯಿಟ್ಟುಕೊಂಡು ಕೂತಲ್ಲೇ ಅವ್ವನ ಕಡೆ ತಿರುಗಿದೆ. ಅವಳು ಇನ್ನೂ ಸೆರಗು ಮೂಗಿಗೆ ಹಿಡಿದಿದ್ದಳು. ಅತ್ತಿಗೆಯ ಪರೀಕ್ಷೆ ನೆನಪಾಯಿತು. ಬಾಗಿಲಲ್ಲಿ ನಿಂತು ಬೀದಿ ನೋಡಿದ್ದು ನೆನಪಾಯಿತು.

“ಅವ್ವ, ಗ್ಯಾಸ್ ಬಿಟ್ಟೇ ಇಲ್ಲ.”

ಅವಳು ಸೆರಗು ಇಳಿಸಿದಳು.

“ಯಾವಾಗಿನಿಂದ?”

“ನಿನ್ ಅತ್ಗೆ ಈ ಮನೆಗ್ ಬಂದ್ಳಲ್ಲ, ಅದ್ರ ಇಂದ್ಗಡೆ ವರ್ಷ ಒಸಿ ಒಸಿ ಓಯ್ತಿತ್ತು. ಆಮ್ಯಾಕೆ ಪೂರಾ ಓಯ್ತು.” ಅವಳು ಒರಳಿನ ಮೇಲೆ ಕೂತುಕೊಂಡಳು. “ಅವ್ಳು ಮಲ್ಗೆ ಮುಡ್ಕಂಡ್ರೂ ಬರಲ್ಲ. ಮನೇಗ್ ಬೆಂಕಿ ಬಿದ್ರೂ ಬರಲ್ಲ.”

“ಹೇಳಬಾರದಿತ್ತಾ?”

“ಯಾರ್ಗೇಳನ? ಊರೋರೆಲ್ಲ ಇವಳ್ದು ಮೂಗು ಅಂದ್ರೆ ಮೂಗು ಅಂತರೆ.” ಸ್ವಲ್ಪ ಕೆಮ್ಮಿದಳು. “ಆ ಗ್ಯಾಸ್ ಉಡ್ಗ ಏನಂದ ಗೊತ್ತಾ? ‘ಸೋರಿದ್ರೆ ವಾಸ್ನೆ ಬತ್ತದೆ ಕಣಜ್ಜಿ, ಮೂಗಿದ್ರೆ ಸಾಕು, ಯಾತ್ರ ಭಯಾನೂ ಇಲ್ಲ’ ಅಂದ. ನಂಗೆಂಗ್ ಗೊತ್ತಾಯ್ತದೆ ಏಳು. ಒಲೆ ಆದ್ರೆ ಕಣ್ಣಿಗ್ ಕಾಣ್ತದೆ.”

ಅವಳ ಕಾರಣಗಳನ್ನೆಲ್ಲ ನಾವು ಒಂದೊಂದಾಗಿ ಗೆದ್ದಿದ್ದೆವು. ಇದನ್ನು ಮಾತ್ರ ಅವಳು ಕೊಟ್ಟೇ ಇರಲಿಲ್ಲ. ಹೊಗೆ ಅವಳ ಮೂಗು ತಿಂದಿತ್ತು, ಮೂಗಿಲ್ಲ ಎಂದು ಅವಳು ಹೊಗೆಯನ್ನೇ ಹಿಡಿದು ಕೂತಿದ್ದಳು. ನನಗೆ ಅಳು ಬಂತು. ವರ್ಷಗಟ್ಟಲೆ ಲೇಸರ್ ಹೊಡೆದು ನಾನು ಯಾರದೋ ಕಾರ್ಖಾನೆಗೆ ಮೂಗು ಮಾಡುತ್ತಿದ್ದೆ.

“ಅಳ್ಬೇಡ ಬುಡು, ಉಣ್ಣೋಗು” ಅಂದಳು ಅವ್ವ. ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು, ತಾನೂ ಕೂತಳು. ಇಬ್ಬರೂ ಒಟ್ಟಿಗೆ ಮೊದಲ ತುತ್ತು ನುಂಗಿದೆವು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಕಡಿಮೆ ಅಂತಲ್ಲ, ಹಾಕಿಯೇ ಇರಲಿಲ್ಲ. ಅವಳ ಮೂಗು ಹೋಗಿದ್ದರೂ ನಾಲಗೆ ನೆಟ್ಟಗಿತ್ತು. ಅವ್ವ ತುತ್ತು ಇಳಿಸಿಕೊಂಡು ನನ್ನ ಮುಖ ನೋಡಿದಳು.

“ನೀನೂ ಸುಳ್ಳೇಳ್ದೆ” ಅಂದಳು.

ಆಮೇಲೆ ನಗತೊಡಗಿದಳು. ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಯಿತು. ನಾನು ಅವಳ ಬೆನ್ನು ಸವರುತ್ತಾ ನಕ್ಕೆ. ಉಪ್ಪು ಹಾಕಿ ಸಾರನ್ನು ಮತ್ತೊಮ್ಮೆ ಕುದಿಸಬೇಕಿತ್ತು. ಒಲೆಗೆ ನಾನೇ ನೀರು ಹೊಯ್ದಿದ್ದೆ, ಸೌದೆಯೆಲ್ಲ ಒದ್ದೆ. ಅವ್ವ ಅದನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. “ಅದ್ನೇ ಅಚ್ಚು” ಅಂದಳು.

ಹಚ್ಚಿದೆ. ಸಾರು ಕುದಿಯುವ ತನಕ ಅವ್ವ ನೆಲದ ಮೇಲೆ ಡಬ್ಬಿಯ ಎದುರಿಗೇ ಕೂತಿದ್ದಳು. ಅದು ಸುಮ್ಮನಿತ್ತು.

“ಕೂಗ್ನಿಲ್ವಲ್ಲ?”

“ಕೂಗಲಿಲ್ಲ ಅಂದರೆ ಎಲ್ಲಾ ಸರಿಯಾಗಿದೆ ಅಂತ.”

“ಇಲ್ಲಾಂದ್ರೆ ಅದ್ರ ಮೂಗೂ ಓಗದೆ ಅಂತ” ಅಂದಳು ಅವ್ವ. “ಅದೇನ್ ಬಾಯ್ಬುಟ್ಟು ಏಳ್ತದಾ? ನಾ ಏಳಿದ್ನಾ?”

ಮುಂದೆ ನಡೆದ ನನ್ನ ಮೌಖಿಕ ಪರೀಕ್ಷೆಯಲ್ಲೂ ಯಾರೂ ಇಷ್ಟು ನೇರವಾಗಿ ಕೇಳಲಿಲ್ಲ. ಪದರಗಳಿಗೆ ವಯಸ್ಸಾಗುತ್ತದೆ, ಕೊಳೆ ಕೂರುತ್ತದೆ, ಒಂದು ದಿನ ಹೇಳದೆ ಕೇಳದೆ ಸಾಯುತ್ತವೆ. ಹೌದು ಕಣವ್ವ ಅಂದೆ. ಹಾಗಾದರೆ ಏನು ಮಾಡಬೇಕು ಎನ್ನುವುದನ್ನು ನಾವಿಬ್ಬರೇ ಕೂತು ತೀರ್ಮಾನಿಸಿದೆವು. ದಿನಾ ಬೆಳಿಗ್ಗೆ ದೇವರಿಗೆ ಧೂಪ ಹಾಕಿದ ಮೇಲೆ ಸಾಂಬ್ರಾಣಿ ಹೊಗೆಯನ್ನು ಒಂದು ಸಲ ಡಬ್ಬಿಗೆ ತೋರಿಸಬೇಕು. ಕೂಗಿದರೆ ಅದರ ಮೂಗು ಜೀವಂತ. ಅದು ಸುಮ್ಮನಾದ ಮೇಲೆ ಗ್ಯಾಸ್ ಹಚ್ಚಬಹುದು. ಕೂಗದಿದ್ದರೆ ರೆಗ್ಯುಲೇಟರ್ ಮುಟ್ಟಬಾರದು. ಮೂಗಿನ ವಿಷಯ ಅತ್ತಿಗೆಗೆ ಹೇಳಬಾರದು ಎನ್ನುವುದೂ ಅದರಲ್ಲಿ ಸೇರಿತ್ತು.

ಅವ್ವ ಹಾಗೇ ನಡೆದುಕೊಂಡಳು. ಬೆಳಿಗ್ಗೆ ದೇವರಿಗಾದ ಮೇಲೆ ಧೂಪದ ಬಟ್ಟಲು ಹಿಡಿದು ಬಂದು, ಸಿಲಿಂಡರಿನ ಮುಂದೆ ಬಗ್ಗಿ ಬೆಳಗಿ, ಪೀಪಿ ಕೂಗಿದೊಡನೆ ತಲೆಯಾಡಿಸಿ ಎದ್ದು ಹೋಗುವಳಂತೆ. ನೋಡಿದ ನೆಂಟರು ಗ್ಯಾಸಮ್ಮನ ಪೂಜೆ ಎಂದು ಆಡಿಕೊಂಡರು. ಅತ್ತಿಗೆಗಂತೂ ಖುಷಿ. “ನಿಮ್ಮವ್ವ ಈಗ ಡಬ್ಬಿಗೂ ಪರೀಕ್ಷೆ ಮಾಡ್ತರೆ ಕಣಮ್ಮ. ನಾನೊಬ್ಳೇ ಅಲ್ಲ.” ನಾನು ಮಾತು ಬದಲಿಸಿದೆ. ಸೌದೆ ಒಲೆಯಲ್ಲಿ ಬೆಕ್ಕು ಮರಿ ಹಾಕಿತು. ಅವ್ವ ಕೊಡ ಇಳಿಸಿ ಗೋಡೆ ಹಿಡಿಯುವುದು ನಿಂತಿತು.

ಆಮೇಲೆ ಒಂದು ಬೆಳಿಗ್ಗೆ ಪ್ರಯೋಗಾಲಯದ ಆಫೀಸಿಗೆ ಫೋನ್ ಬಂತು. ಬೇಗೂರಿನ ಎಸ್‌ಟಿಡಿ ಬೂತಿನಿಂದ ಅವ್ವ ಕಿರುಚುತ್ತಿದ್ದಳು. ಹಿಂದೆ ಲಾರಿಯ ಹಾರನ್ನು.

“ಅಮ್ಮೀ, ಇವತ್ತು ಕೂಗ್ನಿಲ್ಲ ಕಣಮ್ಮಿ. ಬ್ಯಾಟ್ರಿ ಬದ್ಲಾಯ್ಸಿ ನೋಡ್ದ ನಿಮ್ಮಣ್ಣ. ಆಗ್ಲೂ ಕೂಗ್ನಿಲ್ಲ.”

“ಗ್ಯಾಸ್ ಹಚ್ಚಿಲ್ಲ ತಾನೇ?”

“ಮುಚ್ಬುಟ್ಟಿವ್ನಿ. ಬೆಕ್ಕಿನ್ ಮರಿ ಎತ್ತಿಟ್ಟು ಒಲೆ ಅಚ್ಚಿವ್ನಿ.” ಕೆಮ್ಮಿದಳು. “ಪಾಪ ಕಣಮ್ಮಿ, ಅದ್ರ ಮೂಗೂ ಓಯ್ತು. ದಿನಾ ಕೇಳ್ತಿದ್ದಕ್ಕೆ ಗೊತ್ತಾಯ್ತು ನೋಡು.”

ಫೋನಿಟ್ಟೆ. ಲೇಸರಿನ ಸರದಿ ಆ ವಾರ ಬೇರೆಯವರದು. ನಾನು ಸೀದಾ ಗೈಡಿನ ಕೋಣೆಗೆ ಹೋಗಿ, ಇವತ್ತೇ ಒಂದು ಪದರ ಮಾಡಬೇಕು ಸಾರ್ ಅಂದೆ.

“ಪ್ರಬಂಧದ ಯಾವ ಅಧ್ಯಾಯಕ್ಕೆ?”

“ಪ್ರಬಂಧಕ್ಕಲ್ಲ ಸಾರ್. ನಮ್ಮವ್ವನಿಗೆ ಮೂಗಿಲ್ಲ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇದ್ದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಬೈಯಲಿಲ್ಲ. ಎದ್ದು ಬಂದು, ಸರದಿಯವನನ್ನು ಟೀಗೆ ಕಳಿಸಿ, ತಾವೇ ಪಂಪಿನ ಸ್ವಿಚ್ಚು ಹಾಕಿದರು. ಪಾತ್ರೆಯೊಳಗಿನ ಗಾಳಿ ಇಳಿಯುವುದನ್ನು ಮಾಪಕದ ಮುಳ್ಳಿನಲ್ಲಿ ನೋಡುತ್ತಾ ನಿಂತರು.

“ಎರಡು ಮಾಡಮ್ಮ” ಅಂದರು. “ಒಂದು ಹೋದ ದಿನ ಅವರು ಹೊಗೆ ಕುಡಿಯೋದು ಬೇಡ.”